ದೊಡ್ಡಮ್ಮನ ನಾಲ್ಕು ಚೀಟಿಗಳು

ಸಾಗರದಿಂದ ಆರೇಳು ಕಿಲೋಮೀಟರ್ ದೂರದ ವರದಹಳ್ಳಿಗೆ ಹೊರಗಿನವರು ಬರುವುದು ಶ್ರೀಧರ ಸ್ವಾಮಿಗಳ ಸಮಾಧಿ ದರ್ಶನಕ್ಕೆ. ಸುತ್ತಲಿನ ತೋಟದ ಮನೆಗಳ ಹೆಂಗಸರಿಗೆ ಆಶ್ರಮದಿಂದ ಇನ್ನೊಂದು ಉಪಕಾರವೂ ಇತ್ತು. ‘ಆಶ್ರಮಕ್ಕೆ ಹೋಗ್ಬತ್ತಿ’ ಅಂದರೆ ಮನೆಯಲ್ಲಿ ಯಾರೂ ಅಡ್ಡ ಮಾತಾಡುತ್ತಿರಲಿಲ್ಲ. 1973ರಲ್ಲಿ ಸ್ವಾಮಿಗಳು ಸಮಾಧಿಸ್ಥರಾದಾಗ ನನ್ನ ದೊಡ್ಡಮ್ಮ ಈ ಸೀಮೆಗೆ ಹೊಸ ಸೊಸೆ. ಅಲ್ಲಿಂದೀಚೆಗೆ ವಾರಕ್ಕೊಮ್ಮೆಯಾದರೂ ಅವಳು ಆಶ್ರಮದ ಮೆಟ್ಟಿಲು ಹತ್ತಿದವಳು. ಹೂವಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಜೊತೆಗಿದ್ದವರೊಡನೆ ಮಾತು ನಿಲ್ಲಿಸದೆ.

2006ರ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಾತು ನಡುವೆ ನಿಲ್ಲತೊಡಗಿತು. ಅದನ್ನು ಗಮನಿಸಿದವಳು ಅವಳ ಸೊಸೆ, ನನ್ನ ಅತ್ತಿಗೆ. ಹೆಚ್ಚುಕಮ್ಮಿ ಅದೇ ಮೆಟ್ಟಿಲಿಗೆ ಬಂದಾಗ ದೊಡ್ಡಮ್ಮ ನಿಲ್ಲುತ್ತಿದ್ದಳಂತೆ. ಗಂಟಲಿನ ಬುಡಕ್ಕೆ ಅಂಗೈ ಒತ್ತಿ ಹಿಡಿದು, ಸೆರಗಿನಲ್ಲಿ ಹಣೆ ಒರೆಸಿಕೊಂಡು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹತ್ತುತ್ತಿದ್ದಳು. ಏನಾಯಿತೆಂದು ಕೇಳಿದರೆ ‘ಯಂಗೆ ಎಂತ ಆಜಿಲ್ಲೆ, ಬರೀ ಗ್ಯಾಸು’ ಎಂಬ ಉತ್ತರ. ಮೇಲೆ ಹೋಗಿ ಕುಳಿತರೆ ಎಲ್ಲ ಸರಿ. ಊಟ ಮಾಡಿ ತೋಟದ ಏರು ಹತ್ತಿದರೂ ಹಾಗೇ ಆಗುತ್ತಿತ್ತು, ಕೊಟ್ಟಿಗೆಯಿಂದ ಗೊಬ್ಬರದ ಹೆಡಿಗೆ ಹೊತ್ತರೂ ಆಗುತ್ತಿತ್ತು. ಕುಳಿತು ಬತ್ತಿ ಹೊಸೆಯುವಾಗ ಯಾವತ್ತೂ ಆಗಲಿಲ್ಲ.

ನಾನು ಆಗ ಬೆಂಗಳೂರಿನಲ್ಲಿ ಇಸಿಜಿ, ಟಿಎಂಟಿ ತೆಗೆಯುವ ತರಬೇತಿಗೆ ಸೇರಿದ್ದೆ. ಟಿಎಂಟಿ ಎಂದರೆ ಓಡುವ ಪಟ್ಟಿಯ ಮೇಲೆ ರೋಗಿಯನ್ನು ನಡೆಸಿ, ಏರು ಹೆಚ್ಚಿಸುತ್ತ ಹೋಗಿ, ಶ್ರಮ ಬಿದ್ದಾಗ ಹೃದಯಕ್ಕೆ ರಕ್ತ ಸಾಲುತ್ತದೆಯೇ ಎಂದು ನೋಡುವ ಪರೀಕ್ಷೆ. ವರದಹಳ್ಳಿಯ ಮೆಟ್ಟಿಲು ದೊಡ್ಡಮ್ಮನಿಗೆ ವಾರವಾರವೂ ಅದೇ ಪರೀಕ್ಷೆಯನ್ನು ಬಿಟ್ಟಿಯಾಗಿ ಮಾಡುತ್ತಿತ್ತು. ಫಲಿತಾಂಶ ಮಾತ್ರ ಯಾರಿಗೂ ತಲುಪಲಿಲ್ಲ.

ಡಿಸೆಂಬರಿನಲ್ಲಿ, ಅಡಿಕೆ ಸುಲಿತ ಜೋರಾಗಿದ್ದಾಗ, ಅವಳು ತೀರಿಕೊಂಡಳು. ಸಂಜೆಯಿಂದ ಕೆಳದವಡೆ ನೋಯುತ್ತಿದೆಯೆಂದು ಲವಂಗ ಕಚ್ಚಿಕೊಂಡೇ ಸುಲಿಯಲು ಕುಳಿತಿದ್ದಳಂತೆ. ನಡುರಾತ್ರಿ ಎದ್ದು ವಾಂತಿ ಮಾಡಿಕೊಂಡಳು, ಮೈಯೆಲ್ಲ ಬೆವರಿತು. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅವತ್ತು ಪಕ್ಕದ ಮನೆಯ ಜೀಪೇ ಗತಿ. ಸಾಗರದಲ್ಲಿ ಇಸಿಜಿ ತೆಗೆದರು. ಐವತ್ತಮೂರು ವರ್ಷದ ಬದುಕಿನಲ್ಲಿ ಅವಳ ಮೊದಲ ಇಸಿಜಿ ಅದು. ಕೂಡಲೇ ಶಿವಮೊಗ್ಗಕ್ಕೆ ಒಯ್ಯಿರೆಂದರು. ಆನಂದಪುರ ದಾಟುವಷ್ಟರಲ್ಲಿ ಮುಗಿದುಹೋಯಿತು. ಆ ಇಸಿಜಿ ಪಟ್ಟಿ ಆಮೇಲೆ ನನ್ನ ಕೈಗೆ ಬಂತು. ಎದೆಯ ಮುಂಭಾಗದ ತಂತಿಗಳಲ್ಲೆಲ್ಲ ಎಸ್‌ಟಿ ಗೆರೆ ಮೇಲೆದ್ದಿತ್ತು, ಅಂದರೆ ಹೃದಯಾಘಾತ. ತರಬೇತಿಗೆ ಸೇರಿ ಹೆಚ್ಚು ದಿನವಾಗದಿದ್ದ ನಾನೂ ಓದಬಹುದಾದಷ್ಟು ಸ್ಪಷ್ಟವಾಗಿತ್ತು ಅದು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತಿಗೆ ಅವಳ ಟ್ರಂಕು ತೆಗೆದಳು. ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ ರೇಷನ್ ಕಾರ್ಡಿನ ಜೆರಾಕ್ಸ್, ಪಂಚಾಂಗದ ಹರಿದ ಹಾಳೆ, ಅವುಗಳ ನಡುವೆ ಮಡಚಿಟ್ಟ ನಾಲ್ಕು ಔಷಧಿ ಚೀಟಿಗಳು. ಎರಡು ಒಬ್ಬ ವೈದ್ಯರವು, ಎರಡು ಇನ್ನೊಬ್ಬರವು. ಮೊದಲನೆಯದರಲ್ಲಿ ಹೊಟ್ಟೆಯ ಆಮ್ಲಕ್ಕೆ ಪ್ಯಾಂಟೊಪ್ರಜೋಲ್, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಎರಡನೆಯದರಲ್ಲಿ ಸುಸ್ತಿಗೆಂದು ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ-ಕಾಂಪ್ಲೆಕ್ಸ್, ಮೂಲೆಯಲ್ಲಿ ಬಿ.ಪಿ. 150/96 ಎಂದು ಬರೆದು ಅಲ್ಲಿಗೇ ಬಿಟ್ಟಿತ್ತು. ಮೂರನೆಯದರಲ್ಲಿ ರಾತ್ರಿ ಮಲಗುವಾಗ ಆಲ್ಪ್ರಾಜೋಲಂ, ಅಂದರೆ ಗಾಬರಿ ಕಡಿಮೆಯಾಗಲು ಕೊಡುವ ಮಾತ್ರೆ. ನಾಲ್ಕನೆಯದರಲ್ಲಿ ಎಡ ಭುಜದ ನೋವಿಗೆ ಡೈಕ್ಲೊಫೆನಾಕ್ ಮತ್ತು ಹಚ್ಚಲು ಮುಲಾಮು. ಹೃದ್ರೋಗ ಇರುವವರಿಗೆ ಅಪಾಯ ಹೆಚ್ಚಿಸುವ ನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್ ಒಂದೆಂದು ಆಮೇಲೆ ಕಲಿತೆ.

ನಾಲ್ಕನ್ನೂ ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿದೆ. ಹೊಟ್ಟೆ, ಸುಸ್ತು, ಮನಸ್ಸು, ಭುಜ. ಒಂದೊಂದು ಚೀಟಿಗೂ ಅದರದೇ ಆದ ಸಮಾಧಾನವಿತ್ತು. ನಾಲ್ಕನ್ನೂ ಸೇರಿಸಿ ಓದಿದವರು ಯಾರೂ ಇರಲಿಲ್ಲ. ಮತ್ತೂ ನನ್ನನ್ನು ಕಾಡಿದ್ದು ಅವುಗಳಲ್ಲಿ ಇಲ್ಲದ್ದು. ‘ಏರು ಹತ್ತಿದಾಗ ಬರುತ್ತದೆ, ಕುಳಿತರೆ ಹೋಗುತ್ತದೆ’ ಎಂಬ ಒಂದು ವಾಕ್ಯ ಎಲ್ಲಿಯೂ ಇರಲಿಲ್ಲ.

ಯಾಕಿರಲಿಲ್ಲ ಎಂಬುದನ್ನು ಅತ್ತಿಗೆಯೇ ಹೇಳಿದಳು. ವೈದ್ಯರ ಕೋಣೆಯಲ್ಲಿ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು, ಮಾತಾಡುತ್ತಿದ್ದುದು ಅವಳ ಮಗ, ನನ್ನ ಅಣ್ಣ. ‘ಗ್ಯಾಸ್ಟ್ರಿಕ್ಕು ಡಾಕ್ಟ್ರೇ, ಹೊತ್ತಿಗೆ ಸರಿಯಾಗಿ ಊಟ ಮಾಡೋದಿಲ್ಲ.’ ವೈದ್ಯರು ‘ಉರಿ ಇದೆಯಾ ಅಮ್ಮ?’ ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು. ಹೊರಗೆ ಬೆಂಚಿನ ತುಂಬ ಜನ. ಅಣ್ಣ ಕೆಟ್ಟವನಲ್ಲ, ತಾಯಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಮತ್ತೆ ಮತ್ತೆ ಸಾಗರಕ್ಕೆ ಹೋದವನು. ನಮ್ಮ ಕಡೆ ಅದೇ ಮರ್ಯಾದೆ. ಹೆಂಗಸಿನ ಕಾಯಿಲೆಯನ್ನು ಗಂಡ ಹೇಳಬೇಕು, ಇಲ್ಲದಿದ್ದರೆ ಮಗ. ಮೆಟ್ಟಿಲ ಮೇಲೆ ಪಕ್ಕದಲ್ಲೇ ನಿಂತು ಎಲ್ಲ ಕಂಡಿದ್ದ ಅತ್ತಿಗೆ ಆ ಕೋಣೆಯ ಬಾಗಿಲಾಚೆ, ಮಗುವನ್ನು ಎತ್ತಿಕೊಂಡು ನಿಂತಿರುತ್ತಿದ್ದಳು. ಇನ್ನೂ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಕೊನೆಯ ಬಸಿರಿನಲ್ಲಿ ದೊಡ್ಡಮ್ಮನಿಗೆ ಬಿ.ಪಿ. ಏರಿ ಕೈಕಾಲು ಊದಿ ಆಸ್ಪತ್ರೆ ಸೇರಿಸಿದ್ದರು. ಬಸಿರಿನಲ್ಲಿ ಹಾಗಾದವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಹೆಚ್ಚು. ಐವತ್ತು ದಾಟಿದ ಹೆಂಗಸಿಗೆ ಹೆರಿಗೆಯ ಕಥೆ ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಸಾಗರದಲ್ಲಿ ವಕೀಲಿ ಮಾಡುತ್ತಿದ್ದ ಸೋದರಮಾವನ ಮುಂದೆ ಚೀಟಿಗಳನ್ನು ಇಟ್ಟೆ. 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದಿತ್ತು. ಆದ್ದರಿಂದ ಜಿಲ್ಲಾ ವೇದಿಕೆಗೆ ದೂರು ಕೊಡಲು ದಾರಿ ಇತ್ತು. ಎರಡು ವರ್ಷದೊಳಗೆ ಕೊಡಬೇಕಿತ್ತು. ಮಾವ ಚೀಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ‘ಇದರಲ್ಲಿ ಎದೆನೋವು ಅಂತ ಎಲ್ಲಿದೆ ತೋರಿಸು. ಇಲ್ಲ. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ ಅಂತಾರೆ. ಆಮೇಲೆ ಕೋರ್ಟು ಕೇಳೋದು ಒಂದೇ ಪ್ರಶ್ನೆ: ಇವರ ಜಾಗದಲ್ಲಿ ಇನ್ನೊಬ್ಬ ಸಾಮಾನ್ಯ ಡಾಕ್ಟರು ಇದ್ದಿದ್ರೆ ಬೇರೆ ಏನಾದ್ರೂ ಮಾಡ್ತಿದ್ರಾ?’

1957ರ ಇಂಗ್ಲೆಂಡಿನ ಬೋಲಂ ಪ್ರಕರಣದಿಂದ ಬಂದ ಅಳತೆ ಇದು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು. ವೈದ್ಯ ಅತಿ ಜಾಣನಾಗಿರಬೇಕಿಲ್ಲ. ಆ ವಿದ್ಯೆಯ ಸಾಮಾನ್ಯ ಕುಶಲತೆ, ಸಾಮಾನ್ಯ ಎಚ್ಚರ ಇದ್ದರೆ ಸಾಕು. ಅಂದಾಜು ತಪ್ಪಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು. ಕ್ರಿಮಿನಲ್ ಕೇಸಾದರೆ ಘೋರ ನಿರ್ಲಕ್ಷ್ಯವನ್ನೇ ತೋರಿಸಬೇಕು. ನ್ಯಾಯವಾದ ಮಾತು. ಈ ರಕ್ಷಣೆ ಇಲ್ಲದಿದ್ದರೆ ಹಳ್ಳಿಯಲ್ಲಿ ಯಾವ ವೈದ್ಯರೂ ಕಷ್ಟದ ರೋಗಿಯ ಮೈ ಮುಟ್ಟಲಾರರು. ಆದರೂ ನಾನು ಮಾವನಿಗೆ ಮರುಪ್ರಶ್ನೆ ಹಾಕಿದೆ: ಹೆಂಗಸರ ಗಂಟಲಿನ ಬಿಗಿತವನ್ನು ಊರಿನ ವೈದ್ಯರೆಲ್ಲ ಗ್ಯಾಸು ಎಂದೇ ತಿಳಿಯುವುದಾದರೆ? ಮಾವ ನಕ್ಕು, ‘ಹಾಗಾದ್ರೆ ಅದೇ ಸಾಮಾನ್ಯ ಎಚ್ಚರ’ ಎಂದ. ಕೊಳಗವೇ ಕಿರಿದಾಗಿದ್ದರೆ ಅಳೆದವನನ್ನು ಕಳ್ಳ ಎನ್ನುವುದು ಹೇಗೆ? ಹತ್ತು ಜನರೂ ತಪ್ಪುವ ಕಡೆ ತಪ್ಪು ಯಾರದೂ ಅಲ್ಲ.

ಕೇಸು ಹಾಕಲಿಲ್ಲ. ದೊಡ್ಡಪ್ಪನಿಗೆ ಆ ಮಾತನ್ನೇ ಸಹಿಸಲಾಗಲಿಲ್ಲ. ‘ಕೇಸು ಹಾಕಿದ್ರೆ ಹೋದದ್ದು ವಾಪಸ್ ಬತ್ತನೋ?’ ಎಂದ. ಆ ವೈದ್ಯರಲ್ಲಿ ಒಬ್ಬರು ನಮ್ಮ ಮನೆಯ ಮದುವೆಯಲ್ಲಿ ಪಂಕ್ತಿಯಲ್ಲಿ ಕುಳಿತು ಉಂಡವರು, ಅಜ್ಜನ ಕೊನೆಗಾಲದಲ್ಲಿ ರಾತ್ರಿ ಮಳೆಯಲ್ಲಿ ಮನೆಗೆ ಬಂದವರು. ನಾಳೆ ಮಗುವಿಗೆ ಜ್ವರ ಬಂದರೆ ಹೋಗಬೇಕಾದ್ದೂ ಅವರಲ್ಲಿಗೇ. ಪೇಟೆಯವರು ವೈದ್ಯರನ್ನು ಬದಲಾಯಿಸಬಹುದು, ನಮ್ಮ ಕಡೆ ಅದು ಊರನ್ನೇ ಬದಲಾಯಿಸಿದಂತೆ.

ಮಾವನ ಉತ್ತರ ಮಾತ್ರ ನನ್ನನ್ನು ಬಿಡಲಿಲ್ಲ. ಆ ಸಾಮಾನ್ಯ ಎಚ್ಚರ ಎಲ್ಲಿಂದ ಬಂತು ಎಂದು ವರ್ಷಗಟ್ಟಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಹೃದಯದ ರಕ್ತನಾಳ ಕಟ್ಟಿದಾಗಿನ ಎದೆನೋವನ್ನು ಸ್ಪಷ್ಟವಾಗಿ ಬಣ್ಣಿಸಿದವನು ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್. ಅವನ ಲೇಖನ ಅಚ್ಚಾದದ್ದು 1772ರಲ್ಲಿ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ ನೋವು ಬರುತ್ತದೆ. ನಿಂತ ಕೂಡಲೇ ಮಾಯವಾಗುತ್ತದೆ ಎಂದು ಅವನು ಬರೆದ. ಅತ್ತಿಗೆ ನನಗೆ ಹೇಳಿದ್ದೂ ಅಕ್ಷರಶಃ ಇದನ್ನೇ. ಅದೇ ಹೆಬರ್ಡನ್ ತಾನು ನೋಡಿದ ಸುಮಾರು ನೂರು ರೋಗಿಗಳಲ್ಲಿ ಹೆಂಗಸರು ಮೂವರು ಮಾತ್ರ ಎಂದೂ ಲೆಕ್ಕ ಕೊಟ್ಟಿದ್ದಾನೆ. ಇದು ಗಂಡಸರ ಕಾಯಿಲೆ ಎಂಬ ನಂಬಿಕೆಗೆ ಅಷ್ಟು ಹಳೆಯ ಬೇರಿದೆ.

ಇಪ್ಪತ್ತನೆಯ ಶತಮಾನದಲ್ಲೂ ಆ ಬೇರು ಒಣಗಲಿಲ್ಲ. ಹೃದಯಾಘಾತ ತಡೆಯುವ ಬಗೆ ಹುಡುಕಲು ಅಮೆರಿಕದಲ್ಲಿ ನಡೆದ ‘ಎಂಆರ್‌ಫಿಟ್’ ಅಧ್ಯಯನದಲ್ಲಿ 12,866 ಜನರಿದ್ದರು, ಎಲ್ಲರೂ ಗಂಡಸರು. ಆಸ್ಪಿರಿನ್ ಹೃದಯಾಘಾತವನ್ನು ತಡೆಯುತ್ತದೆಂದು ತೋರಿಸಿ ಹೆಸರಾದ ಅಧ್ಯಯನದಲ್ಲಿದ್ದ 22,071 ವೈದ್ಯರೂ ಗಂಡಸರೇ. ಹೆಂಗಸು ತನಗೂ ಗಂಡಸಿನಂಥದೇ ಹೃದ್ರೋಗವಿದೆಯೆಂದು ಸಾಬೀತು ಮಾಡಿದ ಮೇಲಷ್ಟೇ ಆಕೆಗೆ ಗಂಡಸಿನ ಚಿಕಿತ್ಸೆ ಸಿಗುತ್ತದೆ ಎಂದು ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ ಬರೆದರು. 2016ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು ಆರು ಲಕ್ಷ ಹೃದಯಾಘಾತಗಳ ದಾಖಲೆ ತೆಗೆದು ನೋಡಿದಾಗ, ಮೊದಲ ರೋಗನಿರ್ಣಯ ತಪ್ಪುವ ಸಂಭವ ಗಂಡಸರಿಗಿಂತ ಹೆಂಗಸರಲ್ಲಿ ಶೇಕಡ 50ರಷ್ಟು ಹೆಚ್ಚೆಂದು ಕಂಡುಬಂತು. ಅಷ್ಟು ಸೌಕರ್ಯವಿರುವ ದೇಶದಲ್ಲೇ ಹಾಗೆ.

ನಮ್ಮ ಲೆಕ್ಕ ಬೆಂಗಳೂರಿನಿಂದಲೇ ಬಂದಿದೆ. ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಅಥವಾ ಅದರ ಅಂಚಿನಲ್ಲಿದ್ದ 20,468 ರೋಗಿಗಳನ್ನು ಅಧ್ಯಯನ ಮಾಡಿ 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ನೋವು ಶುರುವಾಗಿ ಆಸ್ಪತ್ರೆ ತಲುಪುವುದಕ್ಕೆ ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಬಂದವರಲ್ಲಿ ಮುಕ್ಕಾಲು ಪಾಲು ಗಂಡಸರು. ಹೆಂಗಸರಿಗೆ ಈ ಕಾಯಿಲೆ ಸುಮಾರು ಹತ್ತು ವರ್ಷ ತಡವಾಗಿ ಬರುತ್ತದೆಂಬುದು ನಿಜ, ಅದರಿಂದ ಸಂಖ್ಯೆ ಕೊಂಚ ಕಡಿಮೆಯಾಗುತ್ತದೆ. ಉಳಿದ ಕೊರತೆಯಲ್ಲಿ ದೊಡ್ಡಮ್ಮನಂಥವರ ಪಾಲೂ ಇದೆಯೆಂದು ನನಗೆ ತೋರುತ್ತದೆ. ಅವರು ಆಸ್ಪತ್ರೆಯ ಪಟ್ಟಿಗೆ ಸೇರುವ ಮೊದಲೇ ತಿಥಿಯ ಪಟ್ಟಿಗೆ ಸೇರಿರುತ್ತಾರೆ.

‘ಹೆಂಗಸರ ಲಕ್ಷಣಗಳೇ ಬೇರೆ, ಅದಕ್ಕೇ ಗೊತ್ತಾಗುವುದಿಲ್ಲ’ ಎಂಬ ಮಾತನ್ನು ಈಗ ಆರೋಗ್ಯ ಪುರವಣಿಗಳಲ್ಲಿ ಬಹಳ ಓದುತ್ತೇವೆ. ಅದು ಅರ್ಧ ಸತ್ಯ. ದವಡೆ ನೋವು, ಬೆನ್ನುನೋವು, ವಾಕರಿಕೆ, ವಿಪರೀತ ಸುಸ್ತು ಹೆಂಗಸರಲ್ಲಿ ಹೆಚ್ಚು ಕಾಣುತ್ತವೆ, ನಿಜ. ಆದರೆ ಅವರಲ್ಲೂ ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ ಎದೆಯ ನೋವು ಅಥವಾ ಬಿಗಿತವೇ. ದೊಡ್ಡಮ್ಮನ ಲಕ್ಷಣದಲ್ಲಿ ವಿಚಿತ್ರವಾದದ್ದು ಏನೂ ಇರಲಿಲ್ಲ. ವಿಚಿತ್ರವಾಗಿದ್ದದ್ದು ಆ ಕೋಣೆ. ಅಲ್ಲಿ ಕಾಯಿಲೆ ಒಬ್ಬರದು, ಮಾತು ಇನ್ನೊಬ್ಬರದು.

ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಯಂತ್ರದ ಕಡೆಯಿಂದಲೂ ಇದನ್ನು ಕಂಡೆ. ನಮಗೆ ಪಾಠ ಹೇಳಿದ ಚಿತ್ರದಲ್ಲಿದ್ದದ್ದು ಗಂಡಸಿನ ಎದೆ. ಆರು ಬಿಂದುಗಳನ್ನು ಎಲ್ಲಿಡಬೇಕೆಂದು ಚೊಕ್ಕವಾಗಿ ಗುರುತು ಮಾಡಿತ್ತು. ಹೆಂಗಸರಿಗೆ ನಾಲ್ಕನೆಯದನ್ನು ಮೊಲೆಯ ಕೆಳಗೆ, ಐದನೆಯ ಪಕ್ಕೆಲುಬಿನ ಸಂದಿಯಲ್ಲಿ ಕೂರಿಸಬೇಕು. ಬಂದವರು ‘ರವಿಕೆ ಬಿಚ್ಚಬೇಕಾ?’ ಎಂದು ಸೆರಗು ಬಿಗಿ ಹಿಡಿಯುತ್ತಿದ್ದರು. ಗಂಡಸು ಟೆಕ್ನಿಷಿಯನ್ ಇದ್ದ ಕಡೆ ಅವನಿಗೂ ಸಂಕೋಚ, ಅವರಿಗೂ ಸಂಕೋಚ. ರವಿಕೆಯ ಎರಡು ಹುಕ್ಕು ಸಡಿಲಿಸಿ ಸಿಕ್ಕಿದಲ್ಲಿ ಒತ್ತಿ ಮುಗಿಸುವುದೂ ಇತ್ತು. ಬಿಂದು ಎರಡು ಬೆರಳು ಮೇಲೇರಿದರೆ ಸಾಕು, ಇಲ್ಲದ ಕಾಯಿಲೆ ಕಾಗದದ ಮೇಲೆ ಬರಬಹುದು, ಇರುವ ಕಾಯಿಲೆ ಮರೆಯಾಗಬಹುದು. ಇನ್ನೊಂದು ಮಾತನ್ನೂ ಹೇಳಬೇಕು. ದೊಡ್ಡಮ್ಮನಿಗೆ ಸೆಪ್ಟೆಂಬರಿನಲ್ಲೇ ಇಸಿಜಿ ತೆಗೆದಿದ್ದರೂ ಅದು ಸರಿಯಾಗಿಯೇ ಬಂದಿರಬಹುದಿತ್ತು. ನಡೆದಾಗ ಮಾತ್ರ ನೋಯುವ ಹೃದಯ, ಅಂಗಾತ ಮಲಗಿದಾಗ ಎಷ್ಟೋ ಸಲ ಸಹಜ ಗೆರೆಯನ್ನೇ ಬರೆಯುತ್ತದೆ. ಅದಕ್ಕೇ ಯಂತ್ರಕ್ಕಿಂತ ಮೊದಲು ಬೇಕಾದದ್ದು ಕೇಳುವ ಬಾಯಿ.

ಕೇಳಿದರೆ ಏನಾಗುತ್ತದೆಂಬುದನ್ನೂ ಕಂಡಿದ್ದೇನೆ. ತೀರ್ಥಹಳ್ಳಿ ಕಡೆಯ ಒಬ್ಬ ಬಾಣಂತಿಯನ್ನು ಅವಳ ತಾಯಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಲು ಕರೆತಂದಿದ್ದರು. ಮನೆಯಲ್ಲಿ ಅವಳ ಉಬ್ಬಸವನ್ನು ಶೀತ ಎಂದುಕೊಂಡು ಕಷಾಯ ಕುಡಿಸಿ, ಕಿವಿಗೆ ಹತ್ತಿ ಇಟ್ಟು, ಬೆಚ್ಚಗೆ ಮಲಗಿಸಿದ್ದರು. ಎಕೋ ಮಾಡುವ ಡಾಕ್ಟರು ‘ಮಲಗಿದಾಗ ಹೇಗಿರುತ್ತೆ?’ ಎಂದರು. ತಾಯಿ ಉತ್ತರಿಸಲು ಹೊರಟರು. ಡಾಕ್ಟರು ‘ನೀವಿರಿ ಅಮ್ಮ, ಅವಳೇ ಹೇಳಲಿ’ ಎಂದು ಸುಮ್ಮನೆ ಕಾದರು. ಆ ಹುಡುಗಿ ತಲೆ ತಗ್ಗಿಸಿ, ‘ಮಲಗೋಕ್ಕೇ ಆಗಲ್ಲ ಡಾಕ್ಟ್ರೇ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀನಿ’ ಎಂದಳು. ಹೃದಯದ ಸ್ನಾಯು ಸೋತು ಹಿಗ್ಗಿತ್ತು. ಬಸಿರಿನ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದು ತಿಂಗಳವರೆಗೆ ಕಾಣಿಸಿಕೊಳ್ಳುವ ಈ ಕಾಯಿಲೆಯಲ್ಲಿ ಉಬ್ಬಸ, ಕಾಲೂತ, ಸುಸ್ತು ಎಲ್ಲವೂ ಬಾಣಂತಿಯರಿಗೆ ಸಹಜವೆಂದು ತೋರುವಂಥವೇ. ಸಮಯಕ್ಕೆ ಔಷಧಿ ಶುರುವಾಯಿತು. ಮುಂದಿನ ವರ್ಷ ಮಗುವನ್ನು ಎತ್ತಿಕೊಂಡು ಅವಳೇ ಬಂದಳು, ಅವಳೇ ಮಾತಾಡಿದಳು.

2010ರ ಮಾರ್ಚಿನಲ್ಲಿ ಮಾವ ಪತ್ರಿಕೆಯ ಒಂದು ಸುದ್ದಿ ಕತ್ತರಿಸಿ ಕಳಿಸಿದ. ಹೈದರಾಬಾದಿನ ವಿ. ಕಿಶನ್ ರಾವ್ ಅವರ ಹೆಂಡತಿಗೆ 2002ರಲ್ಲಿ ಚಳಿಜ್ವರ ಬಂದಿತ್ತು. ಮಲೇರಿಯಾವನ್ನು ಟೈಫಾಯಿಡ್ ಎಂದು ತಿಳಿದು ಚಿಕಿತ್ಸೆ ಕೊಟ್ಟರು, ಆಕೆ ಉಳಿಯಲಿಲ್ಲ. ಜಿಲ್ಲಾ ವೇದಿಕೆ ಕೊಡಿಸಿದ್ದ ಎರಡು ಲಕ್ಷ ರೂಪಾಯಿ ಪರಿಹಾರವನ್ನು ಮೇಲಿನ ಹಂತದಲ್ಲಿ ರದ್ದು ಮಾಡಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಕೊಡಿಸಿತು. ಪ್ರತಿಯೊಂದು ವೈದ್ಯಕೀಯ ದೂರಿಗೂ ತಜ್ಞರ ಸಾಕ್ಷ್ಯ ಬೇಕೇಬೇಕೆಂದಿಲ್ಲ, ತಪ್ಪು ತಾನಾಗಿ ಕಾಣುವಂತಿದ್ದರೆ ಅದೇ ಸಾಕು ಎಂದಿತು. ನಮ್ಮ ಎರಡು ವರ್ಷದ ಅವಧಿ ಅಷ್ಟರಲ್ಲಿ ಮುಗಿದಿತ್ತು. ಮುಗಿಯದಿದ್ದರೂ ಗೆಲ್ಲುತ್ತಿದ್ದೆವೆಂದು ನನಗೆ ಅನಿಸಲಿಲ್ಲ. ಕಿಶನ್ ರಾವ್ ಅವರ ಕೈಯಲ್ಲಿ ಆಸ್ಪತ್ರೆಯ ದಾಖಲೆಗಳಿದ್ದವು. 2002ರ ವೈದ್ಯ ವೃತ್ತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಹೊರಗಿನಿಂದಲೇ ತೋರಿಸಿಕೊಂಡು ಹೋಗುವವರಿಗೆ ಉಳಿಯುವುದು ಕೈಯಲ್ಲಿರುವ ಚೀಟಿಯೊಂದೇ. ಹೆಂಗಸರ ಕಾಯಿಲೆ ಹೆಚ್ಚಾಗಿ ತಪ್ಪುವುದೂ ಅಲ್ಲಿಯೇ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮರುವಾರ ನಮ್ಮ ಇಸಿಜಿ ಕೋಣೆಯೆದುರು ಸಾಲು ಬೀದಿಗೆ ಮುಟ್ಟಿತ್ತು. ಜಿಮ್ಮಿಗೆ ಹೋಗುವ ಹುಡುಗರು, ನಲವತ್ತರ ಗಂಡಸರು. ಹೆಂಗಸರೂ ಬಂದಿದ್ದರು, ಹೆಚ್ಚಿನವರು ಗಂಡನ ಫೈಲು ಹಿಡಿದುಕೊಂಡು. 2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಹಬ್ಬಿದಾಗಲೂ ಇದೇ ಆಯಿತು. ಭಯ ಕೂಡ ಗಂಡಸರ ಹೃದಯಕ್ಕಾಗಿಯೇ ಇದ್ದಂತಿತ್ತು. ಬಿಡುವಾದಾಗ ಫೈಲು ಹಿಡಿದವರಲ್ಲಿ ಕೆಲವರಿಗೆ ನಾನೇ ಬಿ.ಪಿ. ನೋಡುತ್ತಿದ್ದೆ. ‘ಮೆಟ್ಟಿಲು ಹತ್ತಿದ್ರೆ ಏನಾದ್ರೂ ಆಗುತ್ತಾ ಅಕ್ಕ?’ ಎಂದು ಕೇಳುತ್ತಿದ್ದೆ. ‘ಆಗುತ್ತೆ, ಅದು ಇದ್ದದ್ದೇ’ ಎಂಬ ಉತ್ತರ ಬಂದರೆ ಡಾಕ್ಟರ ಕಡೆ ಕಳಿಸುತ್ತಿದ್ದೆ.

ಈಗ ಯಂತ್ರಗಳು ಹತ್ತಿರ ಬಂದಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ತೆಗೆದ ಪಟ್ಟಿಯನ್ನು ವಾಟ್ಸಾಪ್‌ನಲ್ಲೇ ನೋಡಿ ಸಲಹೆ ಕೊಡುವ ಏರ್ಪಾಟು ಮಾಡಿದ್ದಾರೆ. ಪುನೀತ್ ಹೆಸರಿನಲ್ಲಿ ಸರ್ಕಾರದ ಹೃದಯ ಜ್ಯೋತಿ ಯೋಜನೆ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ತಜ್ಞರು ದೂರದಿಂದಲೇ ಓದುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಡಿಸೆಂಬರಿನ ಆ ರಾತ್ರಿ ಇದಿದ್ದಿದ್ದರೆ ಎಂಬ ಆಸೆ ಬರುವುದು ಸಹಜ. ಆದರೆ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ಆ ನಾಲ್ಕು ಭೇಟಿಗಳಿಗೆ ಯಾವ ಯೋಜನೆಯೂ ಇಲ್ಲ. ಅಲ್ಲಿ ಬೇಕಾದದ್ದು ಎರಡು ನಿಮಿಷ ಮತ್ತು ಒಂದು ಪ್ರಶ್ನೆ.

ಹಾಗಾಗಿ ಊರಿಗೆ ಹೋದಾಗಲೆಲ್ಲ ನಾನು ಹೆಂಗಸರಿಗೆ ಒಂದೇ ಪಾಠ ಹೇಳುತ್ತೇನೆ. ಡಾಕ್ಟರ ಹತ್ತಿರ ಹೋಗುವ ಮೊದಲು ಹಾಳೆಯ ಮೇಲೆ ನೀವೇ ಬರೆದುಕೊಳ್ಳಿ: ಯಾವ ಕೆಲಸ ಮಾಡಿದಾಗ ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಬಸಿರಿನಲ್ಲಿ ಬಿ.ಪಿ. ಇತ್ತೇ, ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ. ಗಂಡ, ಮಗ ಜೊತೆಗೆ ಬರಲಿ, ಮಾತು ನಿಮ್ಮದಿರಲಿ. ಹೇಳಿದ್ದನ್ನು ಚೀಟಿಯ ಮೇಲೆ ಬರೆಯಿರೆಂದು ಡಾಕ್ಟರನ್ನು ವಿನಯದಿಂದಲೇ ಕೇಳಿ. ಕೆಲವರು ನಗುತ್ತಾರೆ, ‘ಕೋರ್ಟಿಗೆ ಹೋಗೂಕಾ?’ ಎನ್ನುತ್ತಾರೆ. ಕೋರ್ಟಿಗಲ್ಲ, ಮುಂದಿನ ಡಾಕ್ಟರಿಗೆ. ಆ ಒಂದು ಸಾಲು ದೊಡ್ಡಮ್ಮನ ಮೊದಲ ಚೀಟಿಯಲ್ಲಿದ್ದಿದ್ದರೆ ಎರಡನೆಯ ವೈದ್ಯರು ಅದನ್ನು ಓದುತ್ತಿದ್ದರು, ಓದಿದವರಿಗೆ ಭುಜಕ್ಕೆ ಮುಲಾಮು ಬರೆಯುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಮಾವ ಹೇಳಿದ ಸಾಮಾನ್ಯ ಎಚ್ಚರವೂ ಹೀಗೆಯೇ ಬದಲಾಗಬೇಕು. ಅದನ್ನು ಕಟ್ಟುವವರು ನ್ಯಾಯಾಧೀಶರಲ್ಲ, ದಿನನಿತ್ಯ ರೋಗಿ ನೋಡುವ ವೈದ್ಯರು ಮತ್ತು ಅವರೆದುರು ಬಾಯಿಬಿಡುವ ಹೆಂಗಸರು. ಸಾಗರದಲ್ಲಿ, ಹೊಸನಗರದಲ್ಲಿ, ತೀರ್ಥಹಳ್ಳಿಯಲ್ಲಿ ಹತ್ತು ವೈದ್ಯರು ಆ ಪ್ರಶ್ನೆ ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆಯತೊಡಗಿದರೆ, ಹನ್ನೊಂದನೆಯವರು ಕೇಳದೆ ಬಿಟ್ಟದ್ದಕ್ಕೆ ‘ಎಲ್ಲರೂ ಹಾಗೇ ಮಾಡುತ್ತಾರೆ’ ಎಂಬ ಉತ್ತರ ನಡೆಯಲಾರದು.